ಕಾದು ನಿಂತವರ ಓಟ

2015ರ ನವೆಂಬರ್ 28, ಶನಿವಾರ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಸಂಜೆ ಆರಾಗುವ ಮೊದಲೇ ಕತ್ತಲಿಳಿದಿದೆ. ಕಿಂಗ್ ಪವರ್ ಕ್ರೀಡಾಂಗಣದ ಒಳಗೆ ಮಾತ್ರ ದೀಪಗಳ ಹಗಲು. ಪಂದ್ಯದ 24ನೇ ನಿಮಿಷ. ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಕಾರ್ನರ್ ಸಿಕ್ಕಿದೆ. ಲೆಸ್ಟರ್ ಸಿಟಿಯ ನೀಲಿ ಅಂಗಿಗಳು ತಮ್ಮ ಗೋಲಿನ ಮುಂದೆ ಒತ್ತೊತ್ತಾಗಿ ನಿಂತಿವೆ. ಯುನೈಟೆಡ್‌ನ ಆಟಗಾರರು ಅವರ ನಡುವೆ ನುಸುಳಿ ಜಾಗ ಹುಡುಕುತ್ತಿದ್ದಾರೆ. ಚೆಂಡು ಗಾಳಿಯಲ್ಲಿ ತೇಲಿ ಬರುತ್ತದೆ. ಗೋಲ್‌ಕೀಪರ್ ಕ್ಯಾಸ್ಪರ್ ಷ್ಮೈಕೆಲ್ ಅದನ್ನು ಗಟ್ಟಿಯಾಗಿ ಹಿಡಿಯುತ್ತಾರೆ.

ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಗೋಲ್‌ಕೀಪರ್ ಚೆಂಡನ್ನು ಎದೆಗವಚಿಕೊಂಡು ನಾಲ್ಕು ಉಸಿರು ಎಳೆದುಕೊಳ್ಳುವುದುಂಟು. ಅಪಾಯ ಕಳೆಯಿತೆಂದು ಜತೆಗಾರರು ನಿಧಾನಕ್ಕೆ ಮುಂದೆ ಸರಿಯುತ್ತಾರೆ. ಷ್ಮೈಕೆಲ್ ಉಸಿರು ಎಳೆದುಕೊಳ್ಳಲು ನಿಲ್ಲುವುದಿಲ್ಲ. ಚೆಂಡು ಕೈಗೆ ಸಿಕ್ಕ ಮರುಕ್ಷಣವೇ ಅದನ್ನು ಕ್ರಿಶ್ಚಿಯನ್ ಫುಕ್ಸ್ ಕಡೆಗೆ ಎಸೆದುಬಿಡುತ್ತಾರೆ. ಫುಕ್ಸ್ ಡಿಫೆಂಡರ್, ಆದರೆ ಈಗ ಅವರ ಮುಂದೆ ಖಾಲಿ ಹುಲ್ಲು. ತಡೆಯುವವರಿಲ್ಲದ ಆ ಹುಲ್ಲಿನ ಮೇಲೆ ಅವರು ಚೆಂಡನ್ನು ತಳ್ಳಿಕೊಂಡು ಓಡುತ್ತಾರೆ. ಅವರಿಗಿಂತ ಮುಂದೆ ಫಾರ್ವರ್ಡ್ ಜೇಮಿ ವಾರ್ಡಿಯ ಓಟ ಶುರುವಾಗಿದೆ. ಫುಕ್ಸ್ ಪಾಸ್ ನೆಲಕ್ಕೆ ಅಂಟಿಕೊಂಡೇ ಸಾಗಿ ಡಿಫೆಂಡರ್‌ಗಳ ನಡುವಿನ ಸಂದಿಯಲ್ಲಿ ತೂರುತ್ತದೆ. ವಾರ್ಡಿ ಓಟದ ಬಿರುಸನ್ನು ತಗ್ಗಿಸದೆ ಅದನ್ನು ಯುನೈಟೆಡ್ ಗೋಲ್‌ಕೀಪರ್ ಡೇವಿಡ್ ಡಿ ಹೆಯಾ ಅವರ ಕೈಗೆ ಎಟುಕದಂತೆ ಗೋಲಿನೊಳಕ್ಕೆ ಹೊಡೆಯುತ್ತಾರೆ. ಈ ತುದಿಯಲ್ಲಿ ಹುಟ್ಟಿದ ಅಪಾಯ ಆ ತುದಿಯಲ್ಲಿ ಗೋಲಾಗಿ ಮುಗಿಯಿತು.

ಭಾರತದಲ್ಲಿ ರಾತ್ರಿ ಹನ್ನೊಂದಕ್ಕೆ ಟಿವಿ ಹಾಕಿಕೊಂಡು ಕುಳಿತವರು ನೋಡಿದ ಆ ಗೋಲು ದಾಖಲೆಯ ಪುಸ್ತಕಕ್ಕೂ ಸೇರಿತು. ಪ್ರೀಮಿಯರ್ ಲೀಗ್‌ನಲ್ಲಿ ಸತತ 11 ಪಂದ್ಯಗಳಲ್ಲಿ ಗೋಲು ಗಳಿಸಿದ ಮೊದಲ ಆಟಗಾರ ವಾರ್ಡಿ. ಅದಕ್ಕೂ ಮುಂಚಿನ ದಾಖಲೆ 10 ಪಂದ್ಯಗಳದ್ದು. ಯುನೈಟೆಡ್‌ನವರೇ ಆಗಿದ್ದ ರೂಡ್ ವಾನ್ ನಿಸ್ಟಲ್‌ರೂಯ್ ಅವರದ್ದು. ಆದರೆ ಆ ದೃಶ್ಯವನ್ನು ಮತ್ತೆ ನೋಡುವಾಗ ನನ್ನ ಕಣ್ಣು ವಾರ್ಡಿಯ ಕಾಲಿಗಿಂತ ಹೆಚ್ಚಾಗಿ ಕಾರ್ನರ್ ಒದೆಯುವ ಮುಂಚಿನ ಗಳಿಗೆಯಲ್ಲಿ ನಿಲ್ಲುತ್ತದೆ. ಯಾರು ಎಲ್ಲಿ ನಿಂತಿದ್ದರು, ಚೆಂಡು ತಮ್ಮದಾದರೆ ಯಾರು ಎತ್ತ ಓಡಬೇಕೆಂದು ಯಾರಿಗೆಲ್ಲ ತಿಳಿದಿತ್ತು ಎನ್ನುವುದರಲ್ಲೇ ಆ ಗೋಲು ಅರ್ಧ ಆಗಿಹೋಗಿತ್ತು. ಪ್ರತಿದಾಳಿ ಶುರುವಾಗುವುದು ಚೆಂಡು ಎದುರಾಳಿಯ ಬಳಿ ಇರುವಾಗಲೇ.

ಆ ಋತುವಿನ ಲೆಸ್ಟರ್ ತಂಡವನ್ನು ಮೇಲಿನ ಕ್ಯಾಮೆರಾದಿಂದ ನೋಡಬೇಕು. ಸುಮಾರು 105 ಮೀಟರ್ ಉದ್ದ, 68 ಮೀಟರ್ ಅಗಲದ ಹಸಿರು. ಅಷ್ಟು ದೊಡ್ಡ ಜಾಗದಲ್ಲಿ ಈ ತಂಡ ತನ್ನದೆಂದು ಇಟ್ಟುಕೊಂಡದ್ದು ಬಲು ಚಿಕ್ಕ ಪಾಲು. ಗೋಲಿನ ಮುಂದೆ ನಾಲ್ವರ ಒಂದು ಸಾಲು, ಅದರಿಂದ ಕೆಲವೇ ಹೆಜ್ಜೆ ಮುಂದೆ ನಾಲ್ವರ ಇನ್ನೊಂದು ಸಾಲು, ಮುಂಭಾಗದಲ್ಲಿ ಇಬ್ಬರು. 4-4-2. ಇಂಗ್ಲೆಂಡಿನ ಶಾಲಾ ಮೈದಾನಗಳಲ್ಲಿ ತಲೆಮಾರುಗಳಿಂದ ಆಡಿಕೊಂಡು ಬಂದ, ದೊಡ್ಡ ಕ್ಲಬ್‌ಗಳು ಹಳತೆಂದು ಮೂಲೆಗಿಟ್ಟಿದ್ದ ವ್ಯೂಹ. ಎರಡು ಸಾಲುಗಳ ನಡುವೆ ಎದುರಾಳಿಯ ಒಬ್ಬ ಒಳ್ಳೆಯ ಪಾಸುಗಾರ ನೆಮ್ಮದಿಯಾಗಿ ನಿಂತು ತಿರುಗುವಷ್ಟು ಜಾಗ ಇರಕೂಡದು. ಅಡ್ಡಡ್ಡಲಾಗಿಯೂ ಅಷ್ಟೇ, ಎಂಟೂ ಜನ ಮೈದಾನದ ನಡುವಿಗೆ ಒತ್ತರಿಸಿಕೊಂಡಿರುತ್ತಾರೆ. ಎರಡು ಅಂಚುಗಳಲ್ಲಿ ಹುಲ್ಲು ಖಾಲಿ ಬಿದ್ದಿರುತ್ತದೆ. ಆ ಖಾಲಿ ಜಾಗವನ್ನು ಅವರು ಬೇಕೆಂದೇ ಬಿಟ್ಟುಕೊಟ್ಟದ್ದು.

ಕಬಡ್ಡಿ ಬಲ್ಲವರಿಗೆ ಈ ಚಿತ್ರ ಬೇಗ ಹಿಡಿಸುತ್ತದೆ. ರೈಡರ್ ಎಡಕ್ಕೆ ಹೊರಳಿದರೆ ಕೈ ಕೈ ಹಿಡಿದ ಸರಪಳಿ ಪೂರ್ತಿಯಾಗಿ ಎಡಕ್ಕೆ ಹೊರಳುತ್ತದೆ, ಬಲಕ್ಕೆ ಬಂದರೆ ಬಲಕ್ಕೆ. ಒಬ್ಬನೇ ಆತುರಪಟ್ಟು ಮುಂದೆ ಬಿದ್ದರೆ ಸರಪಳಿ ಹರಿಯಿತು. ಲೆಸ್ಟರ್‌ನ ಎಂಟು ಮಂದಿಯ ಕೈಗಳು ಬಿಡಿಬಿಡಿ, ಆದರೆ ಚಲನೆ ಅದೇ. ಎದುರಾಳಿ ಚೆಂಡನ್ನು ಬಲ ಅಂಚಿನಿಂದ ಎಡ ಅಂಚಿಗೆ ದಾಟಿಸಿದಾಗಲೆಲ್ಲ ನೀಲಿ ಸಾಲುಗಳು ಒಟ್ಟಿಗೆ ಜರುಗುತ್ತವೆ. ಒಂದು ಪಂದ್ಯದಲ್ಲಿ ನೂರಾರು ಸಲ ಹೀಗೆ ಜರುಗಬೇಕು. ಈ ದುಡಿಮೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅದು ದಣಿವಿನ ಕೆಲಸ, ಕಾಲಿಗಿಂತ ಮನಸ್ಸಿಗೆ ಹೆಚ್ಚು. ಚೆಂಡಿನ ಹಿಂದೆ ಓಡುವ ಆಸೆಯನ್ನು ಅದುಮಿ ತನ್ನ ಜಾಗ ಕಾಯುವುದು ಫುಟ್‌ಬಾಲ್‌ನಲ್ಲಿ ಕಲಿಯಲು ಅತಿ ಕಷ್ಟವಾದ ವಿದ್ಯೆ ಎಂದು ನಾನು ನಂಬಿದ್ದೇನೆ.

ಅಂಚುಗಳನ್ನು ಬಿಟ್ಟುಕೊಟ್ಟದ್ದು ಏಕೆ? ಅಂಚಿಗೆ ಹೋದ ಚೆಂಡು ಮತ್ತೆ ಗೋಲಿನ ಕಡೆ ಬರಬೇಕಾದರೆ ಹೆಚ್ಚಿನ ಸಲ ಗಾಳಿಯಲ್ಲಿ ತೇಲಿ ಬರಬೇಕು. ಗಾಳಿಯಲ್ಲಿ ಬರುವ ಚೆಂಡಿಗಾಗಿಯೇ ವೆಸ್ ಮಾರ್ಗನ್ ಮತ್ತು ರಾಬರ್ಟ್ ಹುತ್ ಕಾದಿದ್ದರು. ಜಮೈಕಾ ಪರ ಆಡುತ್ತಿದ್ದ ನಾಯಕ ಮಾರ್ಗನ್, ಜರ್ಮನಿಯ ಹುತ್. ಇಬ್ಬರೂ ಹೆಬ್ಬಂಡೆಯಂಥ ಆಳುಗಳು, ವೇಗ ಅಷ್ಟಿಲ್ಲ. ಅವರನ್ನು ಮೈದಾನದ ಮಧ್ಯಕ್ಕೆ ಎಳೆದು ತಂದು ಓಡುವ ಫಾರ್ವರ್ಡ್‌ಗಳ ಬೆನ್ನು ಹತ್ತಿಸಿದ್ದರೆ ಎಡವುತ್ತಿದ್ದರು. ತಮ್ಮ ಪೆನಾಲ್ಟಿ ಆವರಣದ ಹತ್ತಿರ ನಿಲ್ಲಿಸಿದರೆ ಅವರ ಹಿಂದೆ ಓಡಲು ಜಾಗವೇ ಉಳಿಯುವುದಿಲ್ಲ. ಮುಂದಿರುವುದನ್ನು ತಲೆಯಿಂದ ಹೊಡೆದು ಕಳಿಸಿದರೆ ಸಾಕು. ಸಾಲನ್ನು ಹಿಂದಕ್ಕೆ ಎಳೆದುಕೊಂಡದ್ದು ಅಂಜಿಕೆಯಿಂದಲ್ಲ. ಇದ್ದ ಆಳುಗಳ ಶಕ್ತಿ ಎಲ್ಲಿದೆ, ಕೊರತೆ ಎಲ್ಲಿದೆ ಎಂದು ತಿಳಿದು ಹಾಕಿದ ಲೆಕ್ಕ ಅದು. ಎರಡು ಬದಿಯ ಡ್ಯಾನಿ ಸಿಂಪ್ಸನ್ ಮತ್ತು ಫುಕ್ಸ್ ಅವರಿಗೂ ಮೊದಲ ಆಜ್ಞೆ ಮನೆ ಕಾಯುವುದು, ಮುನ್ನುಗ್ಗುವುದು ಆಮೇಲೆ.

ಎರಡನೇ ಸಾಲಿನ ನಡುವೆ ಎನ್‌ಗೋಲೊ ಕಾಂಟೆ. ಮಾಲಿಯಿಂದ ಬಂದ ತಂದೆ-ತಾಯಿಗೆ ಪ್ಯಾರಿಸ್‌ನಲ್ಲಿ ಹುಟ್ಟಿದ, ಫ್ರಾನ್ಸಿನ ಕಾನ್ ಕ್ಲಬ್‌ನಿಂದ ಅದೇ ಬೇಸಿಗೆಯಲ್ಲಿ ಬಂದಿದ್ದ ಪುಟ್ಟ ಆಳು. ಆ ಋತುವಿನಲ್ಲಿ 175 ಟ್ಯಾಕಲ್, 156 ಇಂಟರ್‌ಸೆಪ್ಷನ್. ಎರಡರಲ್ಲೂ ಲೀಗ್‌ಗೇ ಮೊದಲಿಗ. ಎದುರಾಳಿ ಪಾಸ್ ಕೊಡಲು ಕಾಲೆತ್ತಿದಾಗಲೇ ಅದು ಎಲ್ಲಿಗೆ ಬರಲಿದೆಯೆಂದು ಕಾಂಟೆಗೆ ಗೊತ್ತಾಗಿರುತ್ತಿತ್ತು. ಪಕ್ಕದಲ್ಲಿ ಡ್ಯಾನಿ ಡ್ರಿಂಕ್‌ವಾಟರ್. ಕಾಂಟೆ ಕಿತ್ತ ಚೆಂಡು ಡ್ರಿಂಕ್‌ವಾಟರ್ ಕಾಲಿಗೆ ಬಂದರೆ ಅವರು ತಲೆಯೆತ್ತಿ ಹುಡುಕುತ್ತ ನಿಲ್ಲುತ್ತಿರಲಿಲ್ಲ, ಮೊದಲೇ ನೋಡಿಟ್ಟುಕೊಂಡಿರುತ್ತಿದ್ದರು. ಒಂದೇ ಒದೆತಕ್ಕೆ ಚೆಂಡು ಎದುರಾಳಿ ಡಿಫೆಂಡರ್‌ಗಳ ಬೆನ್ನಿನಾಚೆ ಬೀಳುತ್ತಿತ್ತು. ಬೇರೆಯವರು ಈ ಸಾಲಿನ ನಡುಭಾಗಕ್ಕೆ ಮೂವರನ್ನು ಹಾಕುತ್ತಿದ್ದ ಕಾಲದಲ್ಲಿ ಲೆಸ್ಟರ್ ಇಬ್ಬರಿಂದಲೇ ಆಡಿ ದಕ್ಕಿಸಿಕೊಂಡದ್ದು ಕಾಂಟೆ ಇದ್ದ ಕಾರಣಕ್ಕೆ. ಮೂರನೆಯವರಿಗೆ ಉಳಿದ ಆ ಜಾಗವೇ ಮುಂದೆ ಇನ್ನೊಬ್ಬ ಫಾರ್ವರ್ಡ್ ಆಯಿತು.

ಆ ಇನ್ನೊಬ್ಬರು ಜಪಾನಿನ ಶಿಂಜಿ ಒಕಾಜಾಕಿ. ಹೆಸರಿಗೆ ಫಾರ್ವರ್ಡ್, ಕೆಲಸ ಕಾವಲಿನದು. ಎದುರಾಳಿಯ ಆಟ ಕಟ್ಟುವ ಮಿಡ್‌ಫೀಲ್ಡರ್‌ನ ಕಾಲಬುಡದಲ್ಲೇ ಸುಳಿದಾಡಿ, ಅವನು ಮುಂದೆ ನೋಡದಂತೆ, ಚೆಂಡನ್ನು ಅಂಚಿಗೇ ತಳ್ಳುವಂತೆ ಮಾಡುವುದು. ಬಹಳ ಪಂದ್ಯಗಳಲ್ಲಿ ಸಮಯ ಮುಗಿಯುವ ಮುಂಚೆಯೇ ಅವರನ್ನು ಹೊರಗೆ ಕರೆಸಲಾಗುತ್ತಿತ್ತು, ಅಷ್ಟು ಓಡಿರುತ್ತಿದ್ದರು. ವಾರ್ಡಿಯದ್ದು ಇದಕ್ಕೆ ತಿರುಗಮುರುಗು. ತಂಡವೆಲ್ಲ ಹಿಂದೆ ಬಂದು ನಿಂತಾಗಲೂ ಅವರು ಪೂರ್ತಿ ಹಿಂದೆ ಬರುತ್ತಿರಲಿಲ್ಲ. ಎದುರಾಳಿಯ ಕೊನೆಯ ಡಿಫೆಂಡರ್‌ನ ಭುಜಕ್ಕೆ ಭುಜ ತಾಗುವಂತೆ, ಆಫ್‌ಸೈಡ್ ಗೆರೆಯ ಅಂಚಿನಲ್ಲಿ ತೂಗಾಡುತ್ತಿದ್ದರು. ಚೆಂಡು ಎಂಬತ್ತು ಮೀಟರ್ ದೂರದಲ್ಲಿದ್ದರೂ ಆ ಡಿಫೆಂಡರ್‌ಗೆ ನೆಮ್ಮದಿಯಿಲ್ಲ. ಶೆಫೀಲ್ಡ್‌ನ ಈ ಹುಡುಗನನ್ನು ಹದಿನಾರರ ವಯಸ್ಸಿನಲ್ಲಿ ಮೈಕಟ್ಟು ಸಾಲದೆಂದು ಕ್ಲಬ್ಬೊಂದು ಕೈಬಿಟ್ಟಿತ್ತು. ವೈದ್ಯಕೀಯ ಸ್ಪ್ಲಿಂಟ್‌ಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತ, ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್ ಎಂಬ ಸಣ್ಣ ತಂಡಕ್ಕೆ ಆಡುತ್ತ ಬೆಳೆದ ವಾರ್ಡಿ 2012ರಲ್ಲಿ 10 ಲಕ್ಷ ಪೌಂಡಿಗೆ ಲೆಸ್ಟರ್‌ಗೆ ಬಂದಿದ್ದರು. ಬಲ ಅಂಚಿನಿಂದ ಒಳಕ್ಕೆ ಹೊರಳುವ ಎಡಗಾಲಿನ ರಿಯಾದ್ ಮಹ್ರೆಜ್ ಅಲ್ಜೀರಿಯಾ ಪರ ಆಡುವವರು, ಫ್ರಾನ್ಸಿನ ಎರಡನೇ ದರ್ಜೆಯ ಲ ಆವ್ರ್ ತಂಡದಿಂದ ಬಂದವರು. ಎಡ ಅಂಚಿನ ಮಾರ್ಕ್ ಆಲ್‌ಬ್ರೈಟನ್‌ಗೆ ಓಡುವುದು, ಹಿಂದಕ್ಕೆ ಬರುವುದು, ಮತ್ತೆ ಓಡುವುದು.

ಇನ್ನು ಆ ಗಳಿಗೆಯ ಮಾತು. ಚೆಂಡು ಕೈ ಬದಲಾಯಿಸುವ ಗಳಿಗೆ. ದಾಳಿ ಮಾಡುತ್ತಿರುವ ತಂಡ ಆಗ ತನ್ನ ಮೈಯನ್ನು ಪೂರ್ತಿ ಚಾಚಿರುತ್ತದೆ. ಬದಿಯ ಡಿಫೆಂಡರ್‌ಗಳು ಅಂಚು ಹಿಡಿದು ಮೇಲೆ ಹೋಗಿದ್ದಾರೆ, ಮಿಡ್‌ಫೀಲ್ಡರ್‌ಗಳು ತಿರುಗಿ ಚಿಮ್ಮುವ ಚೆಂಡಿಗಾಗಿ ಆವರಣದ ಹತ್ತಿರ ಹೊಂಚು ಹಾಕಿದ್ದಾರೆ. ಹಿಂದೆ ಉಳಿದಿರುವುದು ಇಬ್ಬರೋ ಮೂವರೋ, ಅವರೂ ಮಧ್ಯದ ಗೆರೆಯ ಬಳಿ. ಅವರ ಬೆನ್ನಿಗೆ ಅರ್ಧ ಮೈದಾನ ಬಯಲು. ಚೆಂಡು ಕಿತ್ತ ತಂಡದ ಮೊದಲ ಪಾಸ್ ಅಡ್ಡಕ್ಕೆ ಅಥವಾ ಹಿಂದಕ್ಕೆ ಹೋಯಿತೆಂದರೆ ಮುಗಿಯಿತು, ಆ ಬಯಲು ಕೆಲವೇ ಸೆಕೆಂಡುಗಳಲ್ಲಿ ಮುಚ್ಚಿಕೊಳ್ಳುತ್ತದೆ. ಲೆಸ್ಟರ್‌ನ ಮೊದಲ ಪಾಸ್ ಮುಂದಕ್ಕೇ ಹೋಗುತ್ತಿತ್ತು. ಅದರಲ್ಲಿ ಬಹಳಷ್ಟು ತಪ್ಪಿಯೂ ಹೋಗುತ್ತಿದ್ದವು. ಪಾಸುಗಳ ನಿಖರತೆಯಲ್ಲಿ, ಚೆಂಡಿನ ಮೇಲಿನ ಹಿಡಿತದಲ್ಲಿ ಲೆಸ್ಟರ್ ಆ ವರ್ಷ ಲೀಗ್‌ನ ತಳದ ತಂಡಗಳ ಸಾಲಿನಲ್ಲಿತ್ತು. ಹತ್ತು ತಪ್ಪಿದರೂ ಹನ್ನೊಂದನೆಯದು ವಾರ್ಡಿಗೆ ಸಿಕ್ಕರೆ ಸಾಕೆಂಬ ಧೈರ್ಯ ಅವರಿಗಿತ್ತು. ತಪ್ಪಿದ ಪಾಸಿಗೆ ಬೈಯದ ಕೋಚ್ ಇದ್ದಾಗ ಮಾತ್ರ ಆ ಧೈರ್ಯ ಉಳಿಯುತ್ತದೆ.

2016ರ ಫೆಬ್ರುವರಿ 6ರಂದು ಈ ಆಟದ ಪೂರ್ಣ ರೂಪ ಮ್ಯಾಂಚೆಸ್ಟರ್‌ನ ಎತಿಹಾದ್ ಕ್ರೀಡಾಂಗಣದಲ್ಲಿ ಕಂಡಿತು. ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಲೆಸ್ಟರ್ ಬೆನ್ನಿಗಿದ್ದ ಮ್ಯಾಂಚೆಸ್ಟರ್ ಸಿಟಿಯ ಅಂಗಳಕ್ಕೆ ಹೋಗಿತ್ತು. ಇನ್ನು ಇವರ ಕನಸು ಮುಗಿಯುತ್ತದೆಂದು ನಂಬಿದವರೇ ಹೆಚ್ಚು. ಮೂರನೇ ನಿಮಿಷದಲ್ಲೇ ಮಹ್ರೆಜ್ ಒದ್ದ ಫ್ರೀಕಿಕ್‌ಗೆ ಹುತ್ ಕಾಲು ಚಾಚಿ ಗೋಲು ಹೊಡೆದರು. ಆಮೇಲೆ ಎರಡು ಸಾಲುಗಳು ಕೂಡಿಕೊಂಡವು. ಸಿಟಿ ಬಳಿ ಚೆಂಡು ಸುಮಾರು ಮೂರನೇ ಎರಡು ಪಾಲು ಹೊತ್ತು ಇತ್ತು. ದಾವಿದ್ ಸಿಲ್ವಾ ಇದ್ದರು, ಯಾಯಾ ತೂರೆ ಇದ್ದರು, ಸೆರ್ಗಿಯೊ ಅಗುವೆರೊ ಇದ್ದರು. ಚೆಂಡು ಅವರ ಕಾಲುಗಳ ನಡುವೆ ಅತ್ತಿಂದಿತ್ತ ಹರಿದಾಡಿತು, ಲೆಸ್ಟರ್ ಸಾಲು ಅದರೊಂದಿಗೆ ಜರುಗಿತು, ಬಾಗಿಲು ತೆರೆಯಲಿಲ್ಲ.

ವಿರಾಮ ಮುಗಿದು ಮೂರು ನಿಮಿಷ. ತಮ್ಮ ಅರ್ಧದಲ್ಲಿ ಚೆಂಡು ಕಿತ್ತ ಕಾಂಟೆ ಅದನ್ನು ತಾವೇ ತಳ್ಳಿಕೊಂಡು ಮೈದಾನದ ನಡುವೆ ಓಡತೊಡಗಿದರು. ಎದುರಾಳಿ ಮಿಡ್‌ಫೀಲ್ಡರ್‌ಗಳೆಲ್ಲ ಅವರ ಬೆನ್ನ ಹಿಂದೆ ಉಳಿದರು. ಬಲಕ್ಕೆ ಪಾಸ್, ಅಲ್ಲಿ ಮಹ್ರೆಜ್. ಎದುರಿಗೆ ಬಂದ ಸಿಟಿಯ ಡಿಫೆಂಡರ್ ಓಟಮೆಂಡಿ ಮಹ್ರೆಜ್ ಕಾಲಿನ ಚಳಕಕ್ಕೆ ಮೋಸಹೋದರು. ಆಚೆ ಇದ್ದ ಡೆಮಿಕೆಲಿಸ್ ಚೆಂಡು ಎಡಗಾಲಿಗೆ ಹೋಗುತ್ತದೆಂದು ವಾಲಿದರು, ಮಹ್ರೆಜ್ ಬಲಗಾಲಿನಿಂದ ಹೊಡೆದರು. ಗೋಲ್‌ಕೀಪರ್ ಜೋ ಹಾರ್ಟ್‌ಗೆ ಮಾಡಲು ಏನೂ ಇರಲಿಲ್ಲ. 60ನೇ ನಿಮಿಷದಲ್ಲಿ ಫುಕ್ಸ್ ಒದ್ದ ಕಾರ್ನರ್‌ಗೆ ಹುತ್ ತಲೆ ಕೊಟ್ಟು ಮೂರನೆಯದನ್ನೂ ಸೇರಿಸಿದರು. ಕೊನೆಗೆ ಅಗುವೆರೊ ಒಂದು ಗೋಲು ಹಿಂದಿರುಗಿಸಿದರೂ ಪಂದ್ಯ 3-1. ಕಾಯುವುದು, ಕಿತ್ತುಕೊಳ್ಳುವುದು, ಓಡುವುದು, ನಿಂತ ಚೆಂಡನ್ನು ಬಳಸಿಕೊಳ್ಳುವುದು: ಈ ಶೈಲಿಗೆ ಬೇಕಾದದ್ದೆಲ್ಲ ಆ ತೊಂಬತ್ತು ನಿಮಿಷಗಳಲ್ಲಿತ್ತು. ಪ್ರತಿದಾಳಿಯನ್ನು ಕಲಿಯಬೇಕೆನ್ನುವವರಿಗೆ ನಾನು ತೋರಿಸುವ ಪಂದ್ಯ ಇದೇ.

ಈ ಗೋಡೆ ಮೊದಲ ದಿನದಿಂದ ಇದ್ದದ್ದಲ್ಲ. ಋತುವಿನ ಮೊದಲ ಒಂಬತ್ತು ಲೀಗ್ ಪಂದ್ಯಗಳಲ್ಲಿ ಲೆಸ್ಟರ್ ಗೋಲು ಬಿಟ್ಟುಕೊಡದ ಪಂದ್ಯ ಒಂದೂ ಇರಲಿಲ್ಲ. ಸೆಪ್ಟೆಂಬರ್ 26ರಂದು ಆರ್ಸೆನಲ್ ಅದೇ ಕಿಂಗ್ ಪವರ್‌ನಲ್ಲಿ 5-2ರಿಂದ ಬಾರಿಸಿ ಹೋಗಿತ್ತು. ಮುನ್ನುಗ್ಗುವ ಗೀಳಿದ್ದ ಬದಿಯ ಡಿಫೆಂಡರ್‌ಗಳನ್ನು ಬದಲಿಸಿ, ಸಿಂಪ್ಸನ್ ಮತ್ತು ಫುಕ್ಸ್ ಅವರನ್ನು ಕೋಚ್ ಕ್ಲಾಡಿಯೊ ರಾನಿಯೆರಿ ತಂದದ್ದು ಆ ಸೋಲಿನ ನಂತರ. ರೋಮ್‌ನಲ್ಲಿ ಹುಟ್ಟಿದ, ಅರವತ್ತು ದಾಟಿದ, ಹಿಂದಿನ ವರ್ಷವಷ್ಟೇ ಗ್ರೀಸ್ ತಂಡ ಫರೋ ದ್ವೀಪಗಳೆದುರು ಸೋತದ್ದಕ್ಕೆ ಕೆಲಸ ಕಳೆದುಕೊಂಡಿದ್ದ ಮನುಷ್ಯ. ಇಟಲಿಯ ಕೋಚ್ ಎಂದರೆ ದಿನವಿಡೀ ತಂತ್ರದ ಪಾಠ ಎಂದು ಆಟಗಾರರು ಹೆದರಿದ್ದರು. ಅವರು ತಂತ್ರದ ಮಾತನ್ನು ಕಡಿಮೆ ಮಾಡಿದರು, ವಾರಕ್ಕೆ ಎರಡು ದಿನ ಬಿಡುವು ಕೊಟ್ಟರು. ಗೋಲು ಬಿಟ್ಟುಕೊಡದೆ ಆಡಿದರೆ ಪಿಜ್ಜಾ ಕೊಡಿಸುವೆನೆಂದರು. ಅಕ್ಟೋಬರ್ 24ರಂದು ಕ್ರಿಸ್ಟಲ್ ಪ್ಯಾಲೇಸ್ ಎದುರು ವಾರ್ಡಿ ಹೊಡೆದ ಒಂದೇ ಗೋಲಿನಿಂದ ಗೆದ್ದರು, ಗೋಲು ಬಿಟ್ಟುಕೊಡಲಿಲ್ಲ. ರಾನಿಯೆರಿ ಎಲ್ಲರನ್ನೂ ನಗರದ ಪಿಜ್ಜಾ ಅಂಗಡಿಗೆ ಕರೆದೊಯ್ದರು. ಬೇಕಾದ್ದನ್ನು ದುಡಿದೇ ತಿನ್ನಬೇಕೆಂದು ಆಟಗಾರರ ಕೈಯಲ್ಲೇ ಹಿಟ್ಟು ತಟ್ಟಿಸಿ ಪಿಜ್ಜಾ ಮಾಡಿಸಿದರು. ಮಾರ್ಗನ್, ಹುತ್‌ರಂಥ ಭಾರಿ ಆಳುಗಳು ಏಪ್ರನ್ ಕಟ್ಟಿಕೊಂಡು ಮೇಜಿನ ಸುತ್ತ ನಿಂತ ಆ ದೃಶ್ಯವನ್ನು ನಾನು ಅಭ್ಯಾಸದ ಭಾಗವೆಂದೇ ನೋಡುತ್ತೇನೆ. ಸಾಲು ಕದಲದಂತೆ ನಿಲ್ಲಲು ಪಕ್ಕದವನ ಮೇಲೆ ನಂಬಿಕೆ ಬೇಕು. ಅದು ಹಲಗೆಯ ಮೇಲೆ ಗೆರೆ ಎಳೆದರೆ ಬರುವುದಿಲ್ಲ.

ಹಿಂದೆ ಕಾದು ನಿಂತು ಆಡುವುದನ್ನು ಹೇಡಿಗಳ ಆಟ ಎನ್ನುವವರು ಯಾವಾಗಲೂ ಇದ್ದಾರೆ. 1960ರ ದಶಕದಲ್ಲಿ ಹೆಲೆನಿಯೊ ಹೆರೆರಾ ಅವರ ಇಂಟರ್ ಮಿಲಾನ್ ಹೀಗೆ ಆಡಿ 1964, 1965ರಲ್ಲಿ ಯುರೋಪಿಯನ್ ಕಪ್ ಗೆದ್ದಾಗಲೂ ಈ ಮಾತು ಬಂತು. 1967ರಲ್ಲಿ ಲಿಸ್ಬನ್‌ನ ಫೈನಲ್‌ನಲ್ಲಿ ಸೆಲ್ಟಿಕ್ ಅದೇ ಇಂಟರ್ ತಂಡವನ್ನು 2-1ರಿಂದ ಸೋಲಿಸಿದಾಗ ಫುಟ್‌ಬಾಲ್ ಉಳಿಯಿತೆಂದು ಸಂಭ್ರಮಿಸಿದವರು ಬಹಳ. ಆ ಸಂಭ್ರಮ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಕೋಟಿಗಟ್ಟಲೆ ಸುರಿದು ಹನ್ನೊಂದು ಜನ ಕಲಾವಿದರನ್ನು ಕೊಳ್ಳಬಲ್ಲ ಕ್ಲಬ್‌ಗೆ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಆಡುವ ಅನುಕೂಲವಿದೆ. ಅದಿಲ್ಲದವರು ಅವರನ್ನೇ ಅನುಕರಿಸಿ ಸೋಲಬೇಕೆಂದು ಕೇಳುವುದು ನ್ಯಾಯವಲ್ಲ. ಗೆಲ್ಲುವ ಆಸೆಯೇ ಇಲ್ಲದೆ ಗೋಲಿನ ಮುಂದೆ ಹತ್ತು ಜನ ಮಲಗುವ ಆಟ ಬೇರೆ. ಅದು ನನಗೂ ಬೇಡ. ಲೆಸ್ಟರ್ ಕಾಯುತ್ತಿದ್ದದ್ದು ಹೊಡೆಯುವುದಕ್ಕಾಗಿ. ಆ ಋತುವಿನಲ್ಲಿ ಅವರು 68 ಗೋಲು ಹೊಡೆದರು.

ಚಳಿಗಾಲ ಕಳೆದ ಮೇಲೆ ಎದುರಾಳಿಗಳು ಪಾಠ ಕಲಿತರು. ಲೆಸ್ಟರ್‌ಗೆ ಓಡಲು ಬಯಲು ಕೊಡಬಾರದೆಂದು ತಾವೇ ಹಿಂದೆ ಸರಿದು ನಿಂತರು. ಪ್ರತಿದಾಳಿಯ ತಂಡಕ್ಕೆ ಇದಕ್ಕಿಂತ ದೊಡ್ಡ ಕಂಟಕವಿಲ್ಲ, ಇಬ್ಬರೂ ಕಾಯುತ್ತ ನಿಂತರೆ ಹೊಡೆಯುವವರು ಯಾರು? ಫೆಬ್ರುವರಿ 27ರಂದು ನಾರ್ವಿಚ್ ಎದುರು 88 ನಿಮಿಷ ಹೀಗೇ ಕಳೆಯಿತು. ಕ್ರೀಡಾಂಗಣದ ಪ್ರತಿ ಆಸನದಲ್ಲೂ ಇಟ್ಟಿರುತ್ತಿದ್ದ ರಟ್ಟಿನ ಬೀಸಣಿಗೆಗಳನ್ನು ತೊಡೆಗೆ ಬಡಿದು ಸದ್ದು ಮಾಡುತ್ತಿದ್ದ ಜನಕ್ಕೂ ಕೈಸೋತಿರಬೇಕು. 89ನೇ ನಿಮಿಷದಲ್ಲಿ ಆಲ್‌ಬ್ರೈಟನ್ ಹಾಕಿದ ಕ್ರಾಸ್ ಆವರಣವನ್ನು ಅಡ್ಡ ಹಾಯ್ದು ಬಂದಾಗ ಬದಲಿ ಆಟಗಾರ ಲಿಯೊನಾರ್ಡೊ ಉಯೋವಾ ಕಾಲು ಚಾಚಿದರು. ಲೆಸ್ಟರ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹತ್ತಿರದ ಶಾಲೆಯಲ್ಲಿ ಇಟ್ಟಿದ್ದ ಭೂಕಂಪಮಾಪಕದಲ್ಲಿ ಆ ಸಂಭ್ರಮದ ಕುಣಿತ 0.3 ತೀವ್ರತೆಯ ಕಂಪನವಾಗಿ ದಾಖಲಾಯಿತು. ಸ್ವಲ್ಪ ದಿನಗಳ ನಂತರ ವಾಟ್‌ಫರ್ಡ್, ನ್ಯೂಕಾಸಲ್, ಕ್ರಿಸ್ಟಲ್ ಪ್ಯಾಲೇಸ್, ಸೌತಾಂಪ್ಟನ್ ಎದುರು ಸಾಲಾಗಿ ನಾಲ್ಕು 1-0 ಗೆಲುವುಗಳು. ಐದನೆಯದು ಸಂಡರ್‌ಲೆಂಡ್ ಎದುರು 2-0. ಐದೂ ಪಂದ್ಯಗಳಲ್ಲಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಶರತ್ಕಾಲದಲ್ಲಿ ಸೋರುತ್ತಿದ್ದ ತಂಡ ವಸಂತದಲ್ಲಿ ಕಲ್ಲಾಗಿತ್ತು. ವಾರ್ಡಿ ಓಟಗಳ ಬಗ್ಗೆ ಬರೆದವರು ಈ ಐದು ವಾರಗಳ ಬಗ್ಗೆ ಸಾಕಷ್ಟು ಬರೆಯಲಿಲ್ಲ ಎಂಬ ಕೊರಗು ನನ್ನದು, ಏಕೆಂದರೆ ಟ್ರೋಫಿ ಬಂದದ್ದು ಇಲ್ಲಿ.

ಮೇ 2ರಂದು ಚೆಲ್ಸಿ ಎದುರು, ಪಟ್ಟಿಯಲ್ಲಿ ಬೆನ್ನಟ್ಟಿ ಬರುತ್ತಿದ್ದ ಟಾಟನಂ 2-2 ಸಮ ಮಾಡಿಕೊಂಡಾಗ ಲೆಸ್ಟರ್ ಚಾಂಪಿಯನ್ ಆಯಿತು. ಋತುವಿನ ಆರಂಭದಲ್ಲಿ ಬಾಜಿ ಕಟ್ಟುವವರು ಅದಕ್ಕೆ ಕೊಟ್ಟಿದ್ದ ದರ ಒಂದಕ್ಕೆ 5,000. ಮೂರೇ ಸೋಲು, 81 ಅಂಕ. ಐದು ದಿನಗಳ ನಂತರ ಕಿಂಗ್ ಪವರ್‌ನಲ್ಲಿ ಇಟಲಿಯ ಗಾಯಕ ಆಂಡ್ರಿಯಾ ಬೊಚೆಲ್ಲಿ ಹಾಡುವಾಗ ಪಕ್ಕದಲ್ಲಿ ರಾನಿಯೆರಿ ನಿಂತಿದ್ದರು. ಬಟ್ಟೆ, ಪಾದರಕ್ಷೆಗಳ ಕಾರ್ಖಾನೆಗಳಿಂದ ಹೆಸರಾಗಿದ್ದ ಊರು, ಉಗಾಂಡದಿಂದ ಹೊರದಬ್ಬಿಸಿಕೊಂಡು ಬಂದ ಗುಜರಾತಿಗಳು ಬೆಲ್‌ಗ್ರೇವ್ ರಸ್ತೆಯಲ್ಲಿ ದೀಪಾವಳಿ ಬೆಳಗುವ ಊರು, ನೀಲಿ ಬಣ್ಣದಲ್ಲಿ ಬೀದಿಗೆ ಬಂದಿತ್ತು.

ಮುಂದಿನ ವರ್ಷವೂ ರಾನಿಯೆರಿ ಇದ್ದರು. ವಾರ್ಡಿ, ಮಹ್ರೆಜ್, ಮಾರ್ಗನ್, ಹುತ್, ಡ್ರಿಂಕ್‌ವಾಟರ್ ಎಲ್ಲರೂ ಇದ್ದರು. ಹಲಗೆಯ ಮೇಲೆ ಬಹುಮಟ್ಟಿಗೆ ಅವೇ ಎರಡು ಸಾಲು, ಅವೇ ಅಂಕಿಗಳು. ಕಾಂಟೆ ಮಾತ್ರ ಬೇಸಿಗೆಯಲ್ಲಿ ಚೆಲ್ಸಿಗೆ ಹೋಗಿದ್ದರು. ಎರಡು ಸಾಲುಗಳ ನಡುವಿನ ಆ ಜಾಗದಲ್ಲಿ ಈಗ ಎದುರಾಳಿಗಳು ತಿರುಗಲು ಶುರುಮಾಡಿದರು. 2017ರ ಫೆಬ್ರುವರಿ 23ರಂದು ರಾನಿಯೆರಿ ಕೆಲಸ ಕಳೆದುಕೊಂಡರು, ಲೆಸ್ಟರ್ 12ನೇ ಸ್ಥಾನದಲ್ಲಿ ಋತು ಮುಗಿಸಿತು. ಹಿಂದಿನ ವರ್ಷ 10ನೇ ಸ್ಥಾನದಲ್ಲಿದ್ದ ಚೆಲ್ಸಿ 93 ಅಂಕಗಳೊಂದಿಗೆ ಲೀಗ್ ಗೆದ್ದಿತು. ವರ್ಷದ ಆಟಗಾರನೆಂದು ಸಹ ಆಟಗಾರರು ಆರಿಸಿದ್ದು ಕಾಂಟೆಯನ್ನು.